ಎರಡೂಕಾಲರ ಆಟ

ಮಾವನವರ ಕಣ್ಣಿನ ಪಟ್ಟಿ ಬಿಚ್ಚುವ ದಿನ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತ ಅವನು ಕೆನ್ನೆ ಕುಯ್ದುಕೊಂಡ. ಸಣ್ಣ ಗಾಯ. ಆದರೆ ಕನ್ನಡಿಯಲ್ಲಿ ಕೆಂಪು ಎಳೆ ಇಳಿಯುವುದನ್ನು ನೋಡುತ್ತ ನಿಂತವನಿಗೆ, ಇದನ್ನೇ ನೆಪ ಮಾಡಿ ಆಸ್ಪತ್ರೆಗೆ ಹೋಗುವುದನ್ನು ತಪ್ಪಿಸಿಕೊಳ್ಳಬಹುದೇ ಎಂಬ ಯೋಚನೆ ಬಂತು, ಬಂದದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದ ಮೇಲೂ ಯೋಚನೆ ಹೋಗಲಿಲ್ಲ. ಎಪ್ಪತ್ತಾರು ವರ್ಷದ ಮುದುಕರಿಗೆ ಎರಡು ವರ್ಷದಿಂದ ಮಂಜಾಗಿದ್ದ ಲೋಕ ಇನ್ನೆರಡು ತಾಸಿನಲ್ಲಿ ತಿಳಿಯಾಗಲಿದೆ. ಮನೆಯವರೆಲ್ಲ ಹಿಗ್ಗಬೇಕಾದ ಹೊತ್ತು. ಅವನಿಗೋ ಆ ಹೊತ್ತು ಬರುವುದೇ ಬೇಡವಾಗಿತ್ತು. ಕಣ್ಣು ಬಂದ ಮೇಲೆ ಮೊದಲು ಮಾಡುವ ಕೆಲಸ ಯಾವುದೆಂದು ಮಾವನವರು ಒಂದು ತಿಂಗಳಿಂದ ಸಾರುತ್ತಿದ್ದರು: ಅಳಿಯಂದಿರು ಬಾಯಲ್ಲಿ ಹೇಳಿದ ಕಥೆಗಳನ್ನೆಲ್ಲ ಆಯಾ ಪುಸ್ತಕದಲ್ಲೇ, ಸ್ವಂತ ಕಣ್ಣಿನಿಂದ, ಮೊದಲಿನಿಂದ ಕೊನೆಯವರೆಗೆ ಓದುವುದು. ಅಡಚಣೆ ಒಂದೇ. ಆ ಕಥೆಗಳಲ್ಲಿ ಒಂದೂ ಆ ಪುಸ್ತಕಗಳಲ್ಲಿ ಇರಲಿಲ್ಲ.

ಅವನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ಇಪ್ಪತ್ತಮೂರು ವರ್ಷದಿಂದ ಕಾಯಿದೆ ಪುಸ್ತಕಗಳ ಸಾಲುಗಳ ಕೆಳಗೆ ಮರದ ಪಟ್ಟಿ ಇಟ್ಟು, ಇಂಚು ಇಂಚಾಗಿ ಜರುಗಿಸುತ್ತ, ಬಿಟ್ಟುಹೋದ ಒತ್ತು, ತಪ್ಪಿ ಬಿದ್ದ ಕೊಂಬು ಹೆಕ್ಕುತ್ತ ಬಂದಿದ್ದ. ಅಲ್ಲಿ ಎಲ್ಲರೂ ಅವನನ್ನು ‘ಪಂಡಿತರು’ ಅನ್ನುತ್ತಾರೆ. ಅಷ್ಟು ಓದಿದವನಿಗೆ ಮನೆಗೆ ಬಂದ ಮೇಲೆ ಒಂದು ಪುಸ್ತಕ ಓದಲು ಆಗುತ್ತಿರಲಿಲ್ಲ ಎಂಬುದು ಅವನಿಗೆ ಮಾತ್ರ ಗೊತ್ತಿದ್ದ ಸಂಗತಿ. ಪುಟ ತೆರೆದರೆ ಕಣ್ಣು ತಾನಾಗಿ ತಪ್ಪು ಹುಡುಕುತ್ತಿತ್ತು. ಸಿಕ್ಕಿದರೆ ಗೆದ್ದೆ ಎಂದು ಮುಚ್ಚಿಡುತ್ತಿದ್ದ, ಸಿಗದಿದ್ದರೆ ಸೋತೆ ಎಂದು ಮುಚ್ಚಿಡುತ್ತಿದ್ದ. ಆದರೂ ಮನೆಯ ತುಂಬ ಪುಸ್ತಕ. ನಡುಮನೆಯ ಎರಡು ಗೋಡೆ ತುಂಬಿ, ಮಲಗುವ ಕೋಣೆಯ ಕಿಟಕಿಯ ಅರ್ಧ ಮುಚ್ಚಿ, ಈಚೆಗೆ ಬಚ್ಚಲ ಕೋಣೆಗೆ ಹೋಗುವ ದಾರಿಯಲ್ಲಿ ಮೊಣಕಾಲೆತ್ತರ ಎದ್ದಿದ್ದವು. ಶಾಲೆಯಲ್ಲಿ ಗಣಿತ ಕಲಿಸುವ ಹೆಂಡತಿ ಆ ದಾರಿಯಲ್ಲಿ ಅಡ್ಡಡ್ಡ ನಡೆಯುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಗೊಣಗಿದ್ದಿಲ್ಲ. ಗೊಣಗಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಇದು ಶುರುವಾದದ್ದು ಹನ್ನೊಂದು ವರ್ಷದ ಹಿಂದೆ, ಅದೂ ಅವನ ಬಾಯಿಂದಲ್ಲ. ಒಂದು ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಬರುವಾಗ, ಬಿಸಿಲು ತಾಳಲಾರದೆ, ಹಳೇ ಚಿತ್ರಮಂದಿರವೊಂದಕ್ಕೆ ನುಗ್ಗಿದ್ದ. ತಂಪಿಗೆಂದು ಹೋದದ್ದು; ಪರದೆಯ ಮೇಲೆ ಒಬ್ಬ ಕೊಡೆ ರಿಪೇರಿಯವನು ಅಂಚೆ ಕಚೇರಿಯ ಸಾಲಿನಲ್ಲಿ ನಿಂತು, ಇದ್ದಕ್ಕಿದ್ದಂತೆ ಹಾಡಲು ಶುರುಮಾಡಿದ. ಸಾಲಿನಲ್ಲಿದ್ದವರು ಯಾರೂ ತಿರುಗಿ ಇದೇನಯ್ಯ ಎನ್ನಲಿಲ್ಲ. ಬದಲಿಗೆ ಮೊಹರು ಒತ್ತುವವಳು ತಾಳ ಹಿಡಿದಳು, ಮೂಟೆ ಹೊತ್ತವನು ಮೂಟೆ ಹೊತ್ತುಕೊಂಡೇ ಒಂದು ಸುತ್ತು ತಿರುಗಿದ, ಎರಡು ನಿಮಿಷದೊಳಗೆ ಇಡೀ ಕಚೇರಿ ಮೇಜುಗಳ ಮೇಲೆ. ಅವನಿಗೆ ಮೈ ಜುಮ್ಮೆಂದಿತು. ಇಷ್ಟು ದೊಡ್ಡ ಪೆದ್ದುತನವನ್ನು ಇಷ್ಟು ಕಟ್ಟುನಿಟ್ಟಾಗಿ, ಒಂದು ಕೈ ಕೂಡ ತಪ್ಪದಂತೆ, ಮೂವತ್ತು ಜನ ಸೇರಿ ಮಾಡುತ್ತಾರಲ್ಲ ಎಂದು ಕತ್ತಲಲ್ಲಿ ಕಣ್ಣು ಒರೆಸಿಕೊಂಡ. ಹೊರಗೆ ಬಂದಾಗ ಪಕ್ಕದಲ್ಲೇ ಹಳೇ ಪುಸ್ತಕದ ಅಂಗಡಿ. ತಲೆಗೆ ಬಿಸಿಲು ತಾಗದಿರಲೆಂದು ಮೇಲಿದ್ದ ಅಗಲವಾದ ಪುಸ್ತಕವೊಂದನ್ನು ಕೊಂಡು ತಲೆಯ ಮೇಲೆ ಹಿಡಿದುಕೊಂಡು ಮನೆಗೆ ಬಂದ. ಬಾಗಿಲು ತೆಗೆದ ಹೆಂಡತಿ, “ಇಷ್ಟು ಹೊತ್ತು ಎಲ್ಲಿ—” ಎಂದವಳು ಪುಸ್ತಕ ನೋಡಿ, “ಓ, ಪುಸ್ತಕದಂಗಡಿಗಾ,” ಎಂದು ತಾನೇ ಉತ್ತರ ಹೇಳಿಕೊಂಡಳು. ಅವನು “ಹೂಂ” ಅಂದ. ಅಷ್ಟೇ. ಹೂಂ ಅನ್ನುವುದು ಸುಳ್ಳೇ? ಆ ಪ್ರಶ್ನೆಯನ್ನು ಹನ್ನೊಂದು ವರ್ಷ ತಿರುವಿ ಹಾಕಿದ್ದ. ಅಲ್ಲಿಂದ ಮುಂದೆ ಶನಿವಾರ ಬಿಟ್ಟು ಶನಿವಾರ ಎರಡೂಕಾಲರ ಆಟ, ಆಮೇಲೆ ಅಂಗಡಿ. ಚಿತ್ರ ಬಿಡುವುದಕ್ಕೂ ಅಂಗಡಿಯವನು ಬಾಗಿಲು ಎಳೆಯುವುದಕ್ಕೂ ನಡುವೆ ಐದೇ ನಿಮಿಷ. ಆರಿಸುವ ವ್ಯವಧಾನವಿಲ್ಲ, ದಪ್ಪಗಿರಬೇಕು, ಮೇಲೆ ಇರಬೇಕು. ಮೂರು ತಾಸು ಅಂಗಡಿಯಲ್ಲಿ ಕಳೆದವನು ತೆಳ್ಳಗಿನ ಪುಸ್ತಕ ತರುತ್ತಾನೆಯೇ. ಹೀಗೆ ಸೇತುವೆಗಳ ಆಯುಷ್ಯ, ಜೇನುನೊಣದ ಕಾಯಿಲೆ, ಯಾವ ಕಾಲದಲ್ಲೋ ಸತ್ತ ಭಾಷೆಯೊಂದರ ವ್ಯಾಕರಣ, ಎಲ್ಲ ಮನೆ ಸೇರಿದವು. ಯಾವುದೋ ವಾರ ಆತ್ಮಸಾಕ್ಷಿ ಹೆಚ್ಚು ಚುಚ್ಚಿದರೆ ಎರಡು ಕೊಳ್ಳುತ್ತಿದ್ದ.

ಸುಳ್ಳು ಹೀಗೆ ಹಲ್ಲಿಲ್ಲದ ಸಾಕುಪ್ರಾಣಿಯ ಹಾಗೆ ಮನೆಯಲ್ಲಿ ಬಿದ್ದುಕೊಂಡಿದ್ದಾಗ ಮಾವನವರು ಬಂದರು. ನಿವೃತ್ತ ಹೆಡ್ಮಾಸ್ತರು, ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿ, ನಿಜ ಬಾಯಿಗೆ ಬರುವವರೆಗೆ ಇಳಿಸುತ್ತಿರಲಿಲ್ಲ ಎಂದು ಹೆಂಡತಿಯೇ ಹೆಮ್ಮೆಯಿಂದ ಹೇಳುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದು, ಪುಸ್ತಕವನ್ನು ಮೂಗಿಗೆ ತಾಗಿಸಿದರೂ ಅಕ್ಷರ ಇರುವೆ ಸಾಲಾಗಿ ಕಾಣುತ್ತಿತ್ತಂತೆ. ಬಂದ ಮೊದಲ ಶನಿವಾರವೇ, ಕೈಯಲ್ಲಿ ಕಪ್ಪು ರಟ್ಟಿನ ಇಟ್ಟಿಗೆಯಂಥ ಪುಸ್ತಕ ಹಿಡಿದು ಒಳಗೆ ಬಂದ ಅಳಿಯನ ಹೆಜ್ಜೆ ಕೇಳಿ, “ಏನು ತಂದ್ರಿ ಅಳಿಯಂದಿರೇ? ಹೆಸರೇನು?” ಎಂದರು.

“ನೆಲದಡಿಯ ನೀರು,” ಎಂದ ಅವನು ರಟ್ಟು ನೋಡಿ. ಬಾವಿಗಳ ಮಟ್ಟ ಅಳೆಯುವ ಕ್ರಮದ ಬಗ್ಗೆ ಯಾವನೋ ಎಂಜಿನಿಯರು ಬರೆದದ್ದು ಎಂದು ಒಳಪುಟದಲ್ಲಿ ಕಂಡಿತ್ತು.

“ಹೆಸರಿನಲ್ಲೇ ಏನೋ ಇದೆ. ಕಾದಂಬರಿಯಾ?”

ಅವನು ಮತ್ತೆ ಹೂಂ ಅಂದ. ಅದೊಂದು ಅಕ್ಷರದಿಂದ ಅವನ ಬಾಳಿನಲ್ಲಿ ಆದಷ್ಟು ಅನಾಹುತ ಕಾಯಿದೆ ಪುಸ್ತಕದ ಯಾವ ಮುದ್ರಣದೋಷದಿಂದಲೂ ಆಗಿರಲಿಲ್ಲ. “ಸ್ವಲ್ಪ ಅಲ್ಲೇ ನಿಂತು ಓದಿರಬೇಕಲ್ಲ, ಕಥೆ ಹೇಳಿ. ನನಗೆ ಹೊತ್ತು ಹೋಗಲ್ಲ,” ಎಂದು ಮುದುಕರು ಕುರ್ಚಿ ಹತ್ತಿರ ಎಳೆದುಕೊಂಡರು. ಬೆಳ್ಳಗಾದ ಆ ಕಣ್ಣುಗಳು ಅವನ ಮುಖದ ಸುಮಾರಿನಲ್ಲಿ ಎಲ್ಲೋ ನೆಟ್ಟಿದ್ದವು. ಹೇಳದೆ ಗತಿಯಿರಲಿಲ್ಲ, ಹೇಳಲು ತಲೆಯಲ್ಲಿದ್ದದ್ದು ಅಂದಿನ ಚಿತ್ರ ಒಂದೇ. ಮಾತಾಡಿದರೆ ತೊದಲುವ, ಹಾಡಿದರೆ ಮಾತ್ರ ತೊದಲದ ಒಬ್ಬ ದೋಣಿಯವನು. ಹೊಳೆಯ ಆಚೆ ದಡದಲ್ಲಿ ಇಸ್ತ್ರಿ ಅಂಗಡಿ ಇಟ್ಟ ಹೆಣ್ಣು. ಅವಳನ್ನು ಮದುವೆಯಾಗಬೇಕಾದವನು ಸೇತುವೆ ಕಟ್ಟಿ ದೋಣಿಗೇ ಕೆಲಸವಿಲ್ಲದಂತೆ ಮಾಡಲು ಬಂದವನು. ಹೇಳುತ್ತ ಹೋದಂತೆ ಅವನಿಗೆ ಹುಮ್ಮಸ್ಸು ಬಂತು. ಹಾಡು ಬಂದಲ್ಲೆಲ್ಲ “ಇಲ್ಲಿ ಅವನ ಒಂದು ದೀರ್ಘ ಸ್ವಗತ ಬರುತ್ತೆ” ಅಂದ. ಕಡೆಯಲ್ಲಿ ಸೇತುವೆಯ ಮೇಲೆ ನೂರು ಜನ ಕುಣಿಯುವುದನ್ನು “ಊರಿಗೆ ಊರೇ ಒಂದು ಬಗೆಯ ಸಾಮೂಹಿಕ ಉನ್ಮಾದಕ್ಕೆ ಒಳಗಾಗುತ್ತೆ” ಎಂದು ದಾಟಿಸಿದ.

“ದೋಣಿಯವನು ಮೇಲೆ ಹರಿಯೋ ನೀರು,” ಎಂದರು ಮಾವನವರು. “ಆ ಹೆಣ್ಣು ನೆಲದಡಿಯ ನೀರು. ಕಾಣಲ್ಲ, ಆದರೆ ಎಲ್ಲ ಅದರ ಮೇಲೇ ನಿಂತಿದೆ. ಬರೆದವನು ಸಾಮಾನ್ಯದವನಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಕೈ ಒರೆಸುತ್ತ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಒಳಗೆ ಹೋದಳು.

ಆಮೇಲೆ ಪ್ರತಿ ಸಲವೂ ಇದೇ. ಜೇನುನೊಣದ ಕಾಯಿಲೆಯ ಪುಸ್ತಕದಿಂದ ಇಬ್ಬರು ಅವಳಿ ಸೋದರಿಯರ ಕಥೆ ಬಂತು. ವ್ಯಾಕರಣದಿಂದ ಬೇಕರಿಯವನೂ ನ್ಯಾಯಾಧೀಶರ ಮಗಳೂ ಬಂದರು. ಅವನಿಗೆ ಅಚ್ಚರಿಯಾದದ್ದು, ತಾನು ಆ ಸಂಜೆಗಳಿಗಾಗಿ ಕಾಯತೊಡಗಿದ್ದು. ಚಿತ್ರ ನೋಡುವಾಗಲೇ, ಈ ಮೆಟ್ಟಿಲ ಮೇಲಿನ ಕುಣಿತವನ್ನು ಮಾವನವರಿಗೆ ಹೇಗೆ ದಾಟಿಸಲಿ ಎಂದು ಲೆಕ್ಕ ಹಾಕುತ್ತಿದ್ದ. ಯಾರಿಗೂ ಹೇಳದೆ ಹನ್ನೊಂದು ವರ್ಷ ನುಂಗಿಕೊಂಡಿದ್ದ ಸಂತೋಷಕ್ಕೆ ಕುರುಡಾಗಿದ್ದರೂ ಒಬ್ಬ ಪ್ರೇಕ್ಷಕ ಸಿಕ್ಕಿದ್ದ. ಕುರುಡಾಗಿದ್ದರಿಂದಲೇ ಸಿಕ್ಕಿದ್ದ ಎಂಬುದು ಅವನು ನೇರವಾಗಿ ನೋಡಲೊಲ್ಲದ ಮಾತು. ಶಸ್ತ್ರಚಿಕಿತ್ಸೆಯ ದಿನ ಗೊತ್ತಾಯಿತು. ಅಷ್ಟರಲ್ಲಿ ಮಾವನವರಿಗೆ ಕೆಮ್ಮು ಹಿಡಿಯಿತು, ಕೆಮ್ಮು ಹೋಗುವವರೆಗೆ ಕತ್ತರಿ ಹಾಕುವುದಿಲ್ಲ ಎಂದರು ವೈದ್ಯರು. ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ಅವನ ಕಾಲಲ್ಲಿ ತನ್ನಷ್ಟಕ್ಕೆ ಒಂದು ಲಯ ಬಂದುಬಿಟ್ಟಿತು. ಎರಡೆರಡು ಮೆಟ್ಟಿಲು ಹಾರಿದ. ಕೆಳಗೆ ಬಂದು ನೋಡಿದರೆ ಮುದುಕರು ಇನ್ನೂ ಮೇಲೆಯೇ ಕಂಬಿ ತಡಕುತ್ತ, ಕೆಮ್ಮುತ್ತ, ಒಂದೊಂದೇ ಪಾದ ಇಡುತ್ತಿದ್ದರು. ಅವತ್ತು ಅವನು ನಾಲ್ಕು ಪುಸ್ತಕ ಕೊಂಡ.

ಆದರೆ ಕೆಮ್ಮೂ ಒಂದು ದಿನ ವಾಸಿಯಾಗುತ್ತದೆ. ಕೆನ್ನೆಗೆ ಹತ್ತಿ ಒತ್ತಿಕೊಂಡು ಅವನು ಆಸ್ಪತ್ರೆಯ ಬಿಳಿ ಕೋಣೆಯಲ್ಲಿ ನಿಂತಿದ್ದಾಗ ದಾದಿ ಪಟ್ಟಿ ಬಿಚ್ಚಿದಳು. ಮಾವನವರು ಮೊದಲು ತಮ್ಮ ಕೈ ನೋಡಿಕೊಂಡರು, ಆಮೇಲೆ ಮಗಳನ್ನು, ಆಮೇಲೆ ಅಳಿಯನನ್ನು.

“ಗಡ್ಡ ಹೆರೆಯುವಾಗ ಕೈ ನಡುಗಿದೆ,” ಎಂದರು. “ಏನು ಯೋಚನೆ ನಿಮಗೆ?”

ಹೆಡ್ಮಾಸ್ತರ ಕಣ್ಣು ಅಂದರೆ ಏನೆಂದು ಅವನಿಗೆ ಆಗ ಅರ್ಥವಾಯಿತು. ಎರಡು ವಾರ ಓದು ಬೇಡ, ಆಮೇಲೆ ಕನ್ನಡಕ ಕೊಡುತ್ತೇವೆ ಎಂದರು ವೈದ್ಯರು. ಅಷ್ಟು ದಿನ ಜೀವ ಉಳಿಯಿತು. ಕಪ್ಪು ರಟ್ಟಿನ ಪುಸ್ತಕವನ್ನು ಅವನು ಮೊದಲು ಎಲ್ಲಕ್ಕಿಂತ ಕೆಳಗೆ ಹೂತ. ಮಾವನವರು ಕೇಳಿದಾಗ ಹುಡುಕಲು ಕಷ್ಟವಾದೀತೆಂದು ಮೇಲೆ ತಂದ. ಕಚೇರಿಗೆ ಒಯ್ದು ಬಿಟ್ಟುಬರೋಣವೆಂದು ಚೀಲಕ್ಕೆ ಹಾಕಿಕೊಂಡು, ಅದೇ ಚೀಲದಲ್ಲಿ ವಾಪಸು ತಂದ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ, ಹೇಗಾದರೂ ಒಬ್ಬ ದೋಣಿಯವನು ಇದರಲ್ಲಿ ಇದ್ದರೂ ಇರಬಹುದು ಎಂಬ ಹುಚ್ಚು ಆಸೆಯಿಂದ, ಜೀವನದಲ್ಲಿ ಮೊದಲ ಸಲ ಒಂದು ಪುಸ್ತಕವನ್ನು ತಪ್ಪಿಗಾಗಿ ಅಲ್ಲದೆ ಕಥೆಗಾಗಿ ಓದಿದ. ಇನ್ನೂರ ಹನ್ನೆರಡನೆಯ ಪುಟದ ಅಡಿಟಿಪ್ಪಣಿಯಲ್ಲಿ ಒಬ್ಬ ದೋಣಿಯವನು ಇದ್ದ: ಅಳತೆಯ ಸರಪಳಿಯನ್ನು ಹೊಳೆಗೆ ಬೀಳಿಸಿಕೊಂಡಿದ್ದ. ಹಾಡಿರಲಿಲ್ಲ.

ಕನ್ನಡಕ ಬಂತು. ಮಾವನವರು ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು ಮೂರು ದಿನ ಅದೇ ಕಪ್ಪು ರಟ್ಟಿನ ಪುಸ್ತಕ ಓದಿದರು. ಅವನು ಕೆಲಸಕ್ಕೆ ಹೋಗುವಾಗ ಓದುತ್ತಿದ್ದರು, ಬಂದಾಗ ಓದುತ್ತಿದ್ದರು. ಊಟಕ್ಕೆ ಕೂತರೆ “ಉಪ್ಪು” ಎಂದಷ್ಟೇ ಕೇಳಿದರು. ನಾಲ್ಕನೆಯ ದಿನ ಅವನಿಗೆ ರಜೆ, ಹೆಂಡತಿ ಶಾಲೆಗೆ ಹೋಗಿದ್ದಳು. ಮಾವನವರು ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು, “ಇಲ್ಲಿ ಬನ್ನಿ,” ಎಂದರು. ಅವನು ಹೋಗಿ ನಿಂತ. ಕೂರುವುದೋ ಬೇಡವೋ ತಿಳಿಯಲಿಲ್ಲ. ಹತ್ತಿರದಲ್ಲಿ ಬೆಂಚಿದ್ದರೆ ಅದರ ಮೇಲೇ ಹತ್ತಿ ನಿಲ್ಲುತ್ತಿದ್ದನೇನೋ.

“ಇದು ಬಾವಿ ಅಳೆಯೋ ಪುಸ್ತಕ.”

“ಹೌದು.”

“ಇಸ್ತ್ರಿ ಅಂಗಡಿಯವಳು ಎಲ್ಲಿ?”

ಅವನು ಬಾಯಿ ತೆರೆದ. “ಅವಳು ಪುಸ್ತಕದಲ್ಲಿಲ್ಲ ಮಾವ. ಸಿನಿಮಾದಲ್ಲಿದ್ದಳು. ಎಲ್ಲ ಸಿನಿಮಾ. ಅವಳಿ ಸೋದರಿಯರೂ, ಬೇಕರಿಯವನೂ.” ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ; ಕೊಡೆ ರಿಪೇರಿಯವನಿಂದ ಹಿಡಿದು ಐದು ನಿಮಿಷದ ಅಂಗಡಿಯವರೆಗೆ ಎಲ್ಲ ಹೇಳಿದ. ಕೆಮ್ಮಿಗೆ ಸಂತೋಷಪಟ್ಟದ್ದನ್ನೂ ಹೇಳಿಬಿಟ್ಟ. ಹೇಳಿದ ಮೇಲೆ, ಅದೊಂದನ್ನು ಬಿಡಬಹುದಿತ್ತು ಅನ್ನಿಸಿತು.

ಮಾವನವರು ಕನ್ನಡಕ ತೆಗೆದು ಒರೆಸಿದರು. “ನೀವು ಸುಳ್ಳು ಹೇಳಿದ್ದು ನಿಮ್ಮ ಪಾಡು. ನನ್ನ ಪಾಡು ಕೇಳಿ. ಉದ್ಯಾನದ ಬೆಂಚಿನಲ್ಲಿ ದಿನಾ ನನ್ನ ಜೊತೆ ಕೂರ್ತಾರಲ್ಲ, ದನದ ಡಾಕ್ಟರು, ಅವರಿಗೆ ಈ ಕಥೆ ನಾನು ಹೇಳಿದೀನಿ. ಪುಸ್ತಕ ಓದೇ ಹೇಳ್ತಿದೀನಿ ಅನ್ನೋ ಹಾಗೆ. ಕಣ್ಣು ಕಾಣದ ಕಾಲಕ್ಕೂ ಮುಂಚೆ ಓದಿದ್ದೆ ಅಂದೆ. ಮೇಲಿನ ನೀರು, ಒಳಗಿನ ನೀರು ಅಂತ ಅರ್ಧ ಗಂಟೆ ವ್ಯಾಖ್ಯಾನ ಮಾಡಿದೆ. ಅವರು ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಈಗ ಪುಸ್ತಕ ಕೊಡಿ ಅಂತ ಪ್ರಾಣ ತಿಂತಿದಾರೆ.”

ಅವನಿಗೆ ನಗು ಬಂತು. ತಡೆದ. ಮುದುಕರ ಮೀಸೆಯ ಅಂಚೂ ಕದಲಿದ್ದನ್ನು ಕಂಡ ಹಾಗಾಯಿತು. ಆದರೆ ಹೆಡ್ಮಾಸ್ತರ ಮುಖದ ವಿಷಯದಲ್ಲಿ ಅವಸರದ ತೀರ್ಮಾನ ಒಳ್ಳೆಯದಲ್ಲ.

“ಏನು ಹೇಳಿದ್ರಿ ಅವರಿಗೆ?”

“ಅಳಿಯಂದಿರು ಯಾರಿಗೂ ಪುಸ್ತಕ ಕೊಡಲ್ಲ, ಆ ವಿಷಯದಲ್ಲಿ ಸ್ವಲ್ಪ ಕೆಟ್ಟವರು ಅಂದೆ.” ಮಾವನವರು ಕನ್ನಡಕ ಹಾಕಿಕೊಂಡರು. “ಆ ದೀರ್ಘ ಸ್ವಗತಗಳು. ಅವೆಲ್ಲ ಹಾಡಾ?”

“ಹಾಡು.”

“ಎಲ್ಲಾನೂ?”

“ಹದಿನಾಲ್ಕು.”

“ಆ ಸಾಮೂಹಿಕ ಉನ್ಮಾದ?”

“ಕುಣಿತ. ಸೇತುವೆ ಮೇಲೆ ನೂರು ಜನ. ಒಂದೇ ಬಣ್ಣದ ಬಟ್ಟೆ, ಹಳದಿ.”

“ಹಳದಿ,” ಎಂದರು ಮಾವನವರು. ಎರಡು ವರ್ಷ ಹಳದಿಯನ್ನು ಕಾಣದೆ ಇದ್ದವರು ಆ ಶಬ್ದವನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ನೋಡುತ್ತಿದ್ದ ಹಾಗಿತ್ತು. “ಶನಿವಾರ ಎಷ್ಟು ಗಂಟೆಗೆ ಅಂದ್ರಿ?”

ಶನಿವಾರ ಇಬ್ಬರೂ ಹೊರಟಾಗ ಹೆಂಡತಿ, “ಅಪ್ಪ, ಅಂಗಡಿ ಧೂಳು ಕಣ್ಣಿಗೆ ಬೀಳದ ಹಾಗೆ ನೋಡ್ಕೊಳಿ,” ಎಂದಳು. ಮಾವನವರು “ಹೂಂ” ಅಂದರು. ಅವರ ಬಾಯಲ್ಲಿ ಆ ಹೂಂ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೆ ದಿಗಿಲಾಯಿತು. ಚಿತ್ರದಲ್ಲಿ ಒಬ್ಬ ಗಡಿಯಾರ ರಿಪೇರಿಯವನು ರೈಲು ನಿಲ್ದಾಣದ ದೊಡ್ಡ ಗಡಿಯಾರದ ಮುಳ್ಳು ಹಿಡಿದು ಜೋತಾಡುತ್ತ ಹಾಡಿದ. ಅವನು ಪರದೆಗಿಂತ ಹೆಚ್ಚಾಗಿ ಮಾವನವರನ್ನೇ ಕದ್ದು ನೋಡಿದ: ಕೈ ಎರಡೂ ಮೊಣಕಾಲ ಮೇಲೆ, ಶಾಲೆಯ ತಪಾಸಣೆಗೆ ಬಂದವರ ಭಂಗಿ, ಬಾಯಿ ಮಾತ್ರ ಸ್ವಲ್ಪ ತೆರೆದಿದೆ. ಚಿತ್ರ ಮುಗಿದು, ಹೆಸರುಗಳು ಉರುಳತೊಡಗಿದಾಗ ಅವನು ಎದ್ದ, ಐದೇ ನಿಮಿಷ. ಮಾವನವರು ಏಳಲಿಲ್ಲ. “ಇಷ್ಟು ಜನ ಸೇರಿ ಮಾಡಿದಾರೆ. ಹೆಸರಾದ್ರೂ ಓದೋಣ. ಓದಕ್ಕೆ ಕಣ್ಣು ಬಂದಿದೆ,” ಎಂದರು. ದೀಪ ಹಾಕುವವನ ಹೆಸರು, ಬಟ್ಟೆ ಹೊಲಿದವರ ಹೆಸರು, ಊಟ ಬಡಿಸಿದವರ ಹೆಸರು, ಕೊನೆಯ ಸಾಲಿನವರೆಗೆ ಓದಿದರು. ಹೊರಗೆ ಬಂದಾಗ ಅಂಗಡಿಯ ಬಾಗಿಲು ಎಳೆದಾಗಿತ್ತು.

ಬರಿಗೈಯಲ್ಲಿ ಮನೆಗೆ ಹೋಗುವುದು ಅವನಿಗೆ ಬರಿಮೈಯಲ್ಲಿ ಹೋದ ಹಾಗಿತ್ತು. ಹೆಂಡತಿ ಮೇಜಿನ ಮೇಲೆ ಉತ್ತರಪತ್ರಿಕೆಗಳನ್ನು ಹರಡಿಕೊಂಡು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದಳು. ತಲೆಯೆತ್ತಿ ನಾಲ್ಕು ಖಾಲಿ ಕೈಗಳನ್ನು ನೋಡಿದಳು.

“ಒಂದು ಪುಸ್ತಕ ನೋಡಿದ್ವಿ ಮಗಳೇ,” ಎಂದರು ಮಾವನವರು ಚಪ್ಪಲಿ ಕಳಚುತ್ತ. “ಗಡಿಯಾರದ ವಿಷಯ. ಬಹಳ ದಪ್ಪ, ಹೊರೋಕ್ಕಾಗಲ್ಲ ಅಂತ ಬಿಟ್ವಿ. ಅಲ್ಲೇ ನಿಂತು ಸುಮಾರು—”

ಮುದುಕರು ಹೇಳುತ್ತಲೇ ಹೋದರು, ಎಲ್ಲೂ ತೊಡರದೆ, ಪುಟಸಂಖ್ಯೆಯ ಸಮೇತ. ಮೂವತ್ತೈದು ವರ್ಷ ನಿಜಕ್ಕಾಗಿ ಹುಡುಗರನ್ನು ಬೆಂಚು ಹತ್ತಿಸಿದವರು ತನ್ನ ಸಲುವಾಗಿ ಹೀಗೆ ಕೆಟ್ಟುಹೋಗುವುದನ್ನು ಅವನಿಂದ ನೋಡಲಾಗಲಿಲ್ಲ. “ಅಲ್ಲ,” ಎಂದ. “ನಾವು ಸಿನಿಮಾಕ್ಕೆ ಹೋಗಿದ್ವಿ. ಹಾಡು ಕುಣಿತದ್ದು. ನಾನು ಯಾವಾಗಲೂ ಅಲ್ಲಿಗೇ ಹೋಗ್ತಿದ್ದದ್ದು. ಪುಸ್ತಕ ಆಮೇಲೆ ತರ್ತಿದ್ದೆ.”

“ಯಾವಾಗಲೂ ಅಂದ್ರೆ?”

“ಹನ್ನೊಂದು ವರ್ಷ.”

ಮಾವನವರು ಕೈ ತೊಳೆಯಬೇಕೆಂದು ಗೊಣಗಿ ಬಚ್ಚಲ ಕೋಣೆಯ ದಾರಿ ಹಿಡಿದರು. ಹೆಂಡತಿ ಲೇಖನಿಯ ಮುಚ್ಚಳ ಹಾಕಿದಳು. ಅವಳ ತುಟಿ ಒಂದಿಷ್ಟು ಅಲುಗಿತು, ಬೈಗುಳವಲ್ಲ, ಗುಣಾಕಾರ. “ತಿಂಗಳಿಗೆ ಎರಡು. ಇನ್ನೂರ ಅರವತ್ತನಾಲ್ಕು,” ಎಂದಳು. “ಒಂದಕ್ಕೂ ನನ್ನ ಕರೀಲಿಲ್ಲ.”

“ನಿನಗೆ ಇಷ್ಟ ಅಂತ ಗೊತ್ತಿರಲಿಲ್ಲ.”

“ಮದುವೆಯಾದ ಮೊದಲನೇ ತಿಂಗಳು ನಾನು ಕೇಳಿದ್ದೆ, ಹೋಗೋಣ್ವಾ ಅಂತ. ಇಂಥದ್ದೇ ಚಿತ್ರ. ಅಕ್ಷರ ಬಲ್ಲವರು ಅದನ್ನೆಲ್ಲ ನೋಡಲ್ಲ ಅಂದ್ರಿ. ನಿಮ್ಮ ಕಚೇರಿಯವರೆಲ್ಲ ಊಟಕ್ಕೆ ಬಂದಿದ್ದ ದಿನ, ಅವರೆದುರಿಗೇ. ಅವರು ನಕ್ಕರು. ಅಲ್ಲಿಗೆ ನಾನು ಬಿಟ್ಟೆ.”

ಅವನಿಗೆ ಆ ಊಟ ನೆನಪಿತ್ತು, ಬಂದವರು ನೆನಪಿದ್ದರು, ತಾನು ಏನೋ ಚುರುಕಾಗಿ ಹೇಳಿ ನಗಿಸಿದ್ದೂ ನೆನಪಿತ್ತು. ಹೇಳಿದ್ದು ಏನೆಂಬುದು ಮಾತ್ರ ಈಗಲೇ ಗೊತ್ತಾದದ್ದು. ಇಪ್ಪತ್ತೊಂದು ವರ್ಷ ಅವನ ಕಣ್ಣಿಗೆ ಬೀಳದೆ ಉಳಿದಿದ್ದ ತಪ್ಪು, ಇದೇ ಮೇಜಿನ ಮೇಲೆ, ಇಷ್ಟು ದೊಡ್ಡ ಅಕ್ಷರದಲ್ಲಿ. ಕ್ಷಮಿಸು ಎನ್ನುವ ಮಾತು ಗಂಟಲವರೆಗೆ ಬಂದು, ಅದಕ್ಕೆ ಬಹಳ ತಡವಾಗಿದೆಯೆಂದೋ ಬಹಳ ಚಿಕ್ಕದಾಯಿತೆಂದೋ ನಿಂತಿತು. ಅವಳು ಮುಚ್ಚಳ ತೆಗೆದು ಮೂರು ಪತ್ರಿಕೆ ತಿದ್ದಿದಳು. ಅವನು ನಿಂತೇ ಇದ್ದ. ನಾಲ್ಕನೆಯದರ ಮೇಲೆ ಲೇಖನಿ ಇಟ್ಟು, ತಲೆಯೆತ್ತದೆ, “ಶನಿವಾರ ನನಗೆ ಹನ್ನೆರಡಕ್ಕೇ ಶಾಲೆ ಬಿಡುತ್ತೆ,” ಎಂದಳು. ಅದರ ಹಾಳೆ ತಿರುವಿ, “ನನಗೆ ಬದಿಯ ಸೀಟು ಬೇಕು.”

ಹದಿನೈದು ದಿನ ಕಾಯಲಿಲ್ಲ. ಮುಂದಿನ ಶನಿವಾರವೇ ಮೂವರೂ ಹೋದರು. ಮಾವನವರು ದನದ ಡಾಕ್ಟರನ್ನೂ ಕರೆಯೋಣವೇ ಎಂದು ಬೆಳಿಗ್ಗೆಯಿಂದ ಎರಡು ಸಲ ಕೇಳಿ, ಮಾನ ಹೋಗುತ್ತದೆಂದು ಎರಡು ಸಲವೂ ತಾವೇ ಬೇಡವೆಂದಿದ್ದರು. ಬದಿಯ ಸೀಟಿನಲ್ಲಿ ಅವಳು, ನಡುವೆ ಅವನು, ಈ ಕಡೆ ಮಾವನವರು. ದೀಪ ಆರಿತು. ಮೀನು ಮಾರುವ ಹೆಂಗಸೊಬ್ಬಳು ತಕ್ಕಡಿ ಕೆಳಗಿಟ್ಟು, ಒಂದು ಉಸಿರು ಎಳೆದುಕೊಂಡು, ಹಾಡಲು ತೊಡಗಿದಳು. ಸಂತೆ ಪೂರ್ತಿ ಬುಟ್ಟಿಗಳನ್ನು ಎತ್ತಿ ಅವಳ ಹಿಂದೆ ತಿರುಗಿತು. ಇಂಥದ್ದನ್ನು ನೂರಾರು ಸಲ ಕಂಡಿದ್ದರೂ ಅವನ ತುಟಿ ತಾನಾಗಿ ಪದಗಳನ್ನು ಹಿಂಬಾಲಿಸಿತು, ಕೆನ್ನೆಯ ಮೇಲೆ ಒದ್ದೆ ಇಳಿಯಿತು. ಆಗ, ಎಡಗಡೆ ಏನೋ ಸರಿಯಿಲ್ಲವೆನಿಸಿ ತಿರುಗಿದ. ಹೆಂಡತಿ ಚಿತ್ರ ನೋಡುತ್ತಿರಲಿಲ್ಲ. ಸೀಟಿನಲ್ಲಿ ಪೂರ್ತಿ ಅವನ ಕಡೆ ತಿರುಗಿ, ಗಲ್ಲಕ್ಕೆ ಕೈ ಕೊಟ್ಟು, ಅವನ ತೆರೆದ ಬಾಯಿ, ಒದ್ದೆ ಕೆನ್ನೆ, ಮೊಣಕಾಲ ಮೇಲೆ ಕುಣಿಯುತ್ತಿದ್ದ ಬೆರಳು, ಎಲ್ಲವನ್ನೂ ನಿಧಾನವಾಗಿ ನೋಡುತ್ತಿದ್ದಳು. ಕೈಯನ್ನು ಎಲ್ಲಿಡುವುದೆಂದು ಅವನಿಗೆ ತಿಳಿಯಲಿಲ್ಲ.

“ಪರದೆ ಆ ಕಡೆ ಇದೆ,” ಎಂದ ಪಿಸುದನಿಯಲ್ಲಿ.

“ಗೊತ್ತು,” ಎಂದಳು. “ನೀವು ನೋಡಿ.”